ಕೋಡಿಯಮಠದ ಭೈಷಜ್ಯಸ್ಥಾನ

ಬಳ್ಳಿಗಾವೆಯ ಕೋಡಿಯಮಠದ ಹೆಸರನ್ನು ಕನ್ನಡ ನಾಡಿನ ಇತಿಹಾಸವನ್ನು ಬಲ್ಲವರೆಲ್ಲ ಕೇಳಿರುತ್ತಾರೆ. ನಮ್ಮ ಪ್ರಾಚೀನ ವಿದ್ಯಾಕೇಂದ್ರಗಳ ಮಾತು ಬಂದಾಗ ಈ ಮಠದ ಪ್ರಸ್ತಾಪ ಬಾರದೆ ಇರುವುದಿಲ್ಲ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಅಚ್ಚಾಗಿರುವ ಕ್ರಿ. ಶ. ೧೧೬೨ರ ಶಾಸನವೇ ಇದಕ್ಕೆ ಮುಖ್ಯ ಆಧಾರ. ನಾಲ್ಕು ವೇದಗಳು, ಪಾಣಿನಿಯೇ ಮೊದಲಾದವರ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು ಇಲ್ಲಿ ಅಭ್ಯಾಸಕ್ಕೆ ಒಳಪಟ್ಟಿದ್ದುವೆಂದು ಆ ಶಾಸನ ಸಾರುತ್ತದೆ. ಬೌದ್ಧದರ್ಶನವನ್ನೂ ಬಿಡದೆ ಓದಿಸುತ್ತಿದ್ದ ಶೈವಮಠವಿದು ಎಂದು ವಿದ್ವಾಂಸರು ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ. ಆ ಹೆಮ್ಮೆ ಸಕಾರಣವಾದದ್ದೇ.

ಆದರೆ ವಿದ್ಯೆಗಳ ಪಟ್ಟಿ ಮುಗಿದ ಮೇಲೆ ಅದೇ ಶಾಸನ ಇನ್ನೂ ಕೆಲವು ಮಾತುಗಳನ್ನು ಹೇಳುತ್ತದೆ. ಈ ಮಠ ಅನ್ನದಾನದ ಸ್ಥಾನ; ನಾನಾ ವಿಧದ ಅನಾಥ ರೋಗಿಗಳ ರೋಗಕ್ಕೆ ಮದ್ದು ದೊರೆಯುವ ಭೈಷಜ್ಯಸ್ಥಾನ; ಸಕಲ ಜೀವಿಗಳಿಗೂ ಅಭಯ ದೊರೆಯುವ ಸ್ಥಾನ. ಮಠವನ್ನು ಕುರಿತು ಬರೆಯುವವರು ಈ ಭಾಗವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಮುಂದೆ ಹೋಗುವುದೇ ಹೆಚ್ಚು. ಪಾಠಶಾಲೆಯ ಪಕ್ಕದಲ್ಲಿ ಔಷಧಾಲಯವೊಂದು ಏಕೆ ಇತ್ತು, ಅದರ ಬಾಗಿಲಿಗೆ ಯಾರು ಬರುತ್ತಿದ್ದರು, ಅಂಥ ಸ್ಥಾನವೊಂದು ದಿನದಿನವೂ ನಡೆಯಲು ಯಾರ ನೆರವು ಬೇಕು ಎಂಬ ಪ್ರಶ್ನೆಗಳು ಇಂದಿಗೂ ಅರ್ಥಪೂರ್ಣವಾಗಿವೆ. ಆದುದರಿಂದ ಆ ಭಾಗವನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ.

ಇಂದು ಬಳ್ಳಿಗಾವಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ. ಶೈವ, ವೈಷ್ಣವ, ಜೈನ, ಬೌದ್ಧ ಮಠಮಂದಿರಗಳು ಒಟ್ಟೊಟ್ಟಿಗೆ ಇದ್ದ ಊರು. ದೂರದೇಶದ ವ್ಯಾಪಾರಿಗಳು ಬಂದು ನೆಲೆಸಿದ್ದ ಪಟ್ಟಣ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಶರಣಪರಂಪರೆ ಗುರುತಿಸುವುದೂ ಈ ಊರನ್ನೇ. ಅಕ್ಕಮಹಾದೇವಿಯ ಉಡುತಡಿ ಇಲ್ಲಿಗೆ ದೂರವಲ್ಲ. ಕೆರೆಯ ದಡದಲ್ಲಿ ನಿಂತಿರುವ ಕೇದಾರೇಶ್ವರ ದೇವಾಲಯಕ್ಕೆ ಶಾಸನಗಳಲ್ಲಿ ದಕ್ಷಿಣಕೇದಾರವೆಂಬ ಹೆಸರಿದೆ. ಆ ದೇವಾಲಯಕ್ಕೆ ಸೇರಿದ್ದೇ ಕೋಡಿಯಮಠ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂಬ ಆಚಾರ್ಯರು ಇಲ್ಲಿ ಅನುಕ್ರಮವಾಗಿ ಪೀಠವನ್ನು ಅಲಂಕರಿಸಿದರು. ಕಳಚುರಿ ಬಿಜ್ಜಳನು ಬಳ್ಳಿಗಾವೆಗೆ ಬಂದು ದತ್ತಿಯನ್ನು ಬಿಟ್ಟ ೧೧೬೨ರಲ್ಲಿ ವಾಮಶಕ್ತಿ ಪಂಡಿತದೇವರು ಮಠಾಧಿಪತಿಗಳಾಗಿದ್ದರು.

ಇಲ್ಲಿ ಒಂದು ಸ್ಪಷ್ಟೀಕರಣ ಅವಶ್ಯ. ಇದು ಕಾಳಾಮುಖ ಶೈವರ ಮಠ. ಶರಣರು ಸ್ಥಾಪಿಸಿದ ಮಠವಲ್ಲ. ಕಾಳಾಮುಖ ಮಠಗಳಲ್ಲಿ ಹಲವು ಕಾಲಕ್ರಮದಲ್ಲಿ ವೀರಶೈವ ಮಠಗಳಾಗಿ ಪರಿಣಮಿಸಿದುವೆಂಬುದು ಅನೇಕ ಸಂಶೋಧಕರ ಅಭಿಪ್ರಾಯ. ಆ ಸಂಬಂಧ ಎಷ್ಟು ನಿಕಟವಾದುದೆಂಬ ಚರ್ಚೆಗೆ ಇದು ಸ್ಥಳವಲ್ಲ. ಬಿಜ್ಜಳನು ಕೋಡಿಯಮಠಕ್ಕೆ ದತ್ತಿ ಬಿಟ್ಟ ಕಾಲವೂ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ದಾಸೋಹ ನಡೆಯುತ್ತಿದ್ದ ಕಾಲವೂ ಒಂದೇ ಎಂಬುದನ್ನು ನೆನೆದರೆ ಸಾಕು. ಒಂದೇ ನಾಡಿನಲ್ಲಿ, ಒಂದೇ ಕಾಲದಲ್ಲಿ, ಹಸಿದವನನ್ನೂ ನೊಂದವನನ್ನೂ ಕುರಿತ ಚಿಂತನೆ ಎರಡು ಕಡೆ ಎರಡು ರೂಪದಲ್ಲಿ ಪ್ರಕಟವಾಯಿತು.

ಈಗ ಶಾಸನದ ಮಾತಿಗೆ ಬರೋಣ. ಮಠದಲ್ಲಿ ಅನ್ನ ಯಾರಿಗೆ ಎಂಬುದನ್ನು ಶಾಸನ ಒಬ್ಬೊಬ್ಬರಾಗಿ ಎಣಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲು ಬರುತ್ತಾರೆ. ನಾನಾ ದೇಶಗಳಿಂದ ಬಂದ ಭಿಕ್ಷುಗಳು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರೂ ಇದ್ದಾರೆ. ಇವರು ಯಾವ ಧರ್ಮಛತ್ರದ ಪಟ್ಟಿಯಲ್ಲಾದರೂ ಇರತಕ್ಕವರೇ. ಇವರೊಂದಿಗೆ ಇನ್ನೊಂದು ವರ್ಗವೂ ಇದೆ: ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ವೈತಾಳಿಕರು. ಇವರು ಭಿಕ್ಷುಕರೂ ಅಲ್ಲ, ಸಂನ್ಯಾಸಿಗಳೂ ಅಲ್ಲ. ತಮ್ಮ ವಿದ್ಯೆಯಿಂದ, ಮೈದುಡಿಮೆಯಿಂದ ಬದುಕುವವರು. ಜಾತ್ರೆ ಇದ್ದಾಗ ದುಡಿಮೆ, ಮಳೆಗಾಲದಲ್ಲಿ ಇಲ್ಲ. ಕೈಗೆ ಪೆಟ್ಟಾದರೆ ಮದ್ದಳೆಯಿಲ್ಲ. ಗಂಟಲು ಕಟ್ಟಿದರೆ ಹಾಡಿಲ್ಲ. ಉಂಬಳಿ ಪಡೆದ ಆಸ್ಥಾನ ವಿದ್ವಾಂಸನ ಮಾತು ಬೇರೆ. ಊರೂರು ಅಲೆಯುವ ಕಲಾವಿದನಿಗೆ ಆ ಆಸರೆ ಇರಲಿಲ್ಲ. ದುಡಿಯುವ ಮನುಷ್ಯನೂ ಒಂದು ದಿನ ದೀನನಾಗಬಲ್ಲನೆಂಬುದನ್ನು ಮಠ ಅರಿತಿತ್ತು. ಮದ್ದಳೆಯ ಅಲ್ಲಮನನ್ನು ನಾಡಿಗೆ ಕೊಟ್ಟ ಊರಿನ ಮಠದಲ್ಲಿ ವಾದ್ಯಗಾರರ ಹೆಸರು ಅನ್ನದ ಪಟ್ಟಿಗೆ ಸೇರಿದೆ ಎಂಬುದು ಮನಸ್ಸನ್ನು ಮುಟ್ಟುವ ಸಂಗತಿ.

ಮದ್ದಿನ ವಿಷಯಕ್ಕೆ ಬಂದಾಗ ಶಾಸನ ಬಳಸುವ ‘ಅನಾಥ’ ಎಂಬ ಪದವೂ ವಿಚಾರಾರ್ಹವಾದುದು. ಇಂದು ನಾವು ಅನಾಥನೆಂದರೆ ತಂದೆತಾಯಿಗಳಿಲ್ಲದ ಮಗುವೆಂದು ಮಾತ್ರ ತಿಳಿಯುತ್ತೇವೆ. ಪದದ ಮೂಲಾರ್ಥ ಇನ್ನೂ ವಿಶಾಲವಾದುದು. ನಾಥನಿಲ್ಲದವನು, ತನ್ನ ಪರವಾಗಿ ನಿಲ್ಲುವವರು ಯಾರೂ ಇಲ್ಲದವನು ಅನಾಥ. ಅರಸನ ಭಟನಿಗೆ ಅರಸನಿದ್ದಾನೆ. ದೇವಾಲಯದ ಪರಿಚಾರಕನಿಗೆ ದೇವಾಲಯವಿದೆ. ವರ್ತಕನಿಗೆ ಅವನ ಸಂಘವಿದೆ. ಈ ಯಾವ ಆಸರೆಯೂ ಇಲ್ಲದೆ ಅಂದಂದಿನ ದುಡಿಮೆಯಿಂದಲೇ ಬದುಕುವವನು ಕಾಯಿಲೆ ಬಿದ್ದ ಗಳಿಗೆಯಲ್ಲಿ ಅನಾಥನಾಗುತ್ತಾನೆ. ಅವನ ರೋಗಕ್ಕೆ ಮದ್ದು ಕೊಡುವ ಸ್ಥಾನ ಇದು ಎಂದು ಶಾಸನ ಹೇಳುತ್ತಿದೆ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಸಮಕಾಲೀನವಾದ ಬೇರೆ ಆತುರಶಾಲೆಗಳೊಂದಿಗೆ ಹೋಲಿಸಿ ನೋಡಬೇಕು. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ ಕಾಲದ, ಎಂದರೆ ಹನ್ನೊಂದನೆಯ ಶತಮಾನದ ಉತ್ತರಾರ್ಧದ, ಶಾಸನವೊಂದು ದೇವಾಲಯಕ್ಕೆ ಸೇರಿದ ಆತುರಶಾಲೆಯನ್ನು ವಿವರವಾಗಿ ವರ್ಣಿಸುತ್ತದೆ. ಅಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಗಿಡಮೂಲಿಕೆ ತರುವವರು, ಶುಶ್ರೂಷೆ ಮಾಡುವ ಸ್ತ್ರೀಯರು. ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳು. ವ್ಯವಸ್ಥೆಯ ದೃಷ್ಟಿಯಿಂದ ಅದು ಅದ್ಭುತವಾದುದು. ಆದರೆ ಅದರ ಮುಖ್ಯ ಉದ್ದೇಶ ಅಲ್ಲಿನ ವಿದ್ಯಾರ್ಥಿಗಳ ಮತ್ತು ದೇವಾಲಯದ ಸೇವಕರ ಆರೈಕೆ. ಅವರಿಗೆ ನಾಥನಿದ್ದನು. ಆಂಧ್ರದ ಮಲ್ಕಾಪುರದ ೧೨೬೧ರ ಶಾಸನದಿಂದ ಗೋಳಕೀಮಠದ ವಿಶ್ವೇಶ್ವರ ಶಿವಾಚಾರ್ಯರು ಕಾಕತೀಯ ರುದ್ರಮದೇವಿಯ ಕಾಲದಲ್ಲಿ ಪ್ರಸೂತಿಶಾಲೆಯನ್ನೂ ಆರೋಗ್ಯಶಾಲೆಯನ್ನೂ ನಡೆಸಿದುದು ತಿಳಿದುಬರುತ್ತದೆ. ಅಲ್ಲಿ ಗ್ರಾಮಗಳ ಉತ್ಪತ್ತಿಯಲ್ಲಿ ಒಂದು ಪಾಲನ್ನು ಇದಕ್ಕಾಗಿಯೇ ಗೊತ್ತುಮಾಡಿದ್ದರು. ಬಾಣಂತಿಯ ಆರೈಕೆಯನ್ನು ಮಠಧರ್ಮದ ಭಾಗವೆಂದು ತಿಳಿದ ಆ ಆಚಾರ್ಯರ ದೃಷ್ಟಿ ಪ್ರಶಂಸನೀಯ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಯಾರೂ ಇಲ್ಲದ ರೋಗಿಯನ್ನೇ ಹೆಸರಿಸಿ ಬಾಗಿಲು ತೆರೆದುದು ಕೋಡಿಯಮಠದ ವೈಶಿಷ್ಟ್ಯವೆಂಬುದು ಸ್ಪಷ್ಟವಾಗುತ್ತದೆ.

ಇನ್ನು ವೆಚ್ಚದ ಮಾತು. ಅರಸರು ಭೂಮಿಯನ್ನೂ ಗ್ರಾಮಗಳನ್ನೂ ಬಿಟ್ಟರು. ಶಾಸನದ ಆರಂಭದಲ್ಲಿ ಅವರ ಬಿರುದಾವಳಿಗಳೇ ಎದ್ದು ಕಾಣುತ್ತವೆ. ಆದರೆ ಆ ಕಾಲದ ದೇವಾಲಯಗಳ, ಮಠಗಳ ನಿತ್ಯಕೃತ್ಯ ಅರಸನ ದತ್ತಿಯೊಂದರಿಂದಲೇ ಸಾಗುತ್ತಿರಲಿಲ್ಲ. ಕನ್ನಡ ನಾಡಿನ ನೂರಾರು ಶಾಸನಗಳ ಕೊನೆಯ ಭಾಗವನ್ನು ಓದಿದವರಿಗೆ ಇದು ತಿಳಿದ ವಿಷಯ. ಗಾಣಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಮಾನ, ಮಗ್ಗಕ್ಕೆ ಇಷ್ಟು ಹಾಗ ಎಂದು ತೆಲ್ಲಿಗರು, ಎಲೆಯ ವ್ಯಾಪಾರಿಗಳು, ಸೆಟ್ಟಿಗಳು, ನಕರದವರು, ಮುಮ್ಮುರಿದಂಡದವರು ಸೇರಿ ಗೊತ್ತುಮಾಡಿಕೊಂಡ ಆಯಗಳು ಅಲ್ಲಿರುತ್ತವೆ. ಒಂದೊಂದೂ ಅಲ್ಪ. ಯಾರಿಗೂ ಭಾರವಲ್ಲ. ಆದರೆ ಗಾಣ ತಿರುಗಿದಷ್ಟು ದಿನವೂ ಬರತಕ್ಕದ್ದು. ಭೂಮಿಯ ಉತ್ಪತ್ತಿ ವರ್ಷಕ್ಕೊಮ್ಮೆ ಬರುತ್ತದೆ. ಬರಗಾಲದಲ್ಲಿ ಬರುವುದೇ ಇಲ್ಲ. ಸಂತೆಯ ಆಯ ವಾರವಾರವೂ ಬರುತ್ತದೆ. ದೀಪದ ಎಣ್ಣೆಗೆ ಈ ಕ್ರಮ ಎಷ್ಟು ಅವಶ್ಯವೋ ರೋಗಿಯ ಮದ್ದಿಗೆ ಅದಕ್ಕಿಂತ ಹೆಚ್ಚು ಅವಶ್ಯ. ಗುಡಿಯನ್ನು ಒಮ್ಮೆ ಕಟ್ಟಿಸಿದರೆ ಶತಮಾನಗಳ ಕಾಲ ನಿಲ್ಲುತ್ತದೆ. ಕಷಾಯವನ್ನು ಪ್ರತಿದಿನವೂ ಕಾಸಬೇಕು.

ಈ ಅಲ್ಪದಾನದ ಕ್ರಮಕ್ಕೆ ತತ್ತ್ವದ ಬೆಳಕನ್ನು ಕೊಟ್ಟವರು ಶರಣರು. ಕಾಯಕದಿಂದ ಬಂದುದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಜಂಗಮಕ್ಕೆ, ಎಂದರೆ ಸಮಾಜಕ್ಕೆ, ಸಲ್ಲಿಸುವುದು ದಾಸೋಹ. ಇಲ್ಲಿ ಕೊಡುವವನು ಸಿರಿವಂತನೇ ಆಗಬೇಕಾಗಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ದಾಸೋಹಿ. ಸೌದೆ ಹೊರುವ ಮೋಳಿಗೆಯ ಮಾರಯ್ಯನೂ ದಾಸೋಹಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ತಿಳಿಯಹೇಳಿದ ಪ್ರಸಂಗ ಎಲ್ಲರೂ ಬಲ್ಲದ್ದು. ದುಡಿಯುವವರೇ ದುಡಿಯುವವರಿಗೆ ಆಸರೆಯಾಗುವ ಈ ಕ್ರಮದಲ್ಲಿ ಕೊಡುವವನ ಕೈ ಮೇಲಲ್ಲ, ಪಡೆಯುವವನ ಕೈ ಕೆಳಗಲ್ಲ. ಇಂದು ಕೊಟ್ಟವನು ನಾಳೆ ಕಾಯಿಲೆ ಬಿದ್ದು ಪಡೆಯಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಶರಣರ ಸಮೂಹದಲ್ಲಿ ವೈದ್ಯಕಾಯಕದವನೊಬ್ಬನಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ವೈದ್ಯ ಸಂಗಣ್ಣನು ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ತನ್ನ ವೃತ್ತಿಯ ಪರಿಭಾಷೆಯನ್ನೇ ಬಳಸಿ ತನುವಿನ ರೋಗದಿಂದ ಭವರೋಗದವರೆಗೆ ಮಾತನ್ನು ಬೆಳೆಸುವುದು ಅವನ ಕ್ರಮ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ರೂಪಕಗಳೆಂದು ಓದುತ್ತಾರೆ, ಅದು ಸರಿಯೇ. ಆದರೆ ರೂಪಕಕ್ಕೆ ಮೊದಲು ಕಾಯಕವಿದೆ. ನಾಡಿ ಹಿಡಿದು ನೋಡಿದ ಕೈಯೇ ಆ ವಚನಗಳನ್ನು ಬರೆದದ್ದು. ವೈದ್ಯವೃತ್ತಿಯೂ ಕಾಯಕವಾದ ಮೇಲೆ ಅದರ ಫಲವೂ ದಾಸೋಹಕ್ಕೆ ಸಲ್ಲತಕ್ಕದ್ದೇ.

ಇಂದು ಬಳ್ಳಿಗಾವಿಗೆ ಹೋದವರು ಏನನ್ನು ಕಾಣುತ್ತಾರೆ? ತ್ರಿಕೂಟದ ಕೇದಾರೇಶ್ವರ ದೇವಾಲಯ ನಿಂತಿದೆ. ಶಾಸನಗಳು ಉಳಿದಿವೆ. ಹನ್ನೆರಡನೆಯ ಶತಮಾನದ ಕೊನೆಯ ದಶಕದಲ್ಲಿ ಹೊಯ್ಸಳ ವೀರಬಲ್ಲಾಳನೂ ಈ ಕ್ಷೇತ್ರವನ್ನು ಗೌರವಿಸಿದನು. ಆಮೇಲಿನ ಕಾಲದಲ್ಲಿ ರಾಜಧಾನಿಯ ಪದವಿ ಹೋಯಿತು. ವ್ಯಾಪಾರದ ದಾರಿ ಬದಲಾಯಿತು. ಗಾಣಗಳೂ ಸಂತೆಯೂ ಕರಗಿದುವು. ಅವುಗಳೊಂದಿಗೆ ಪಾಠವೂ ಅನ್ನವೂ ಮದ್ದೂ ನಿಂತುವು. ಊರಿನ ದಿನನಿತ್ಯದ ಆಸರೆ ತಪ್ಪಿದಾಗ ಮೊದಲು ಅಳಿಯುವುದು ಕಲ್ಲಲ್ಲ. ಕಲ್ಲಿನ ನೆರಳಿನಲ್ಲಿ ನಡೆಯುವ ಸೇವೆ.

ಅನಾಥ ರೋಗಿಯಾದರೋ ಇತಿಹಾಸದಲ್ಲಿ ಮರೆಯಾಗಲಿಲ್ಲ. ಸ್ವತಂತ್ರ ಭಾರತದಲ್ಲಿ ೧೯೪೮ರ ನೌಕರರ ರಾಜ್ಯವಿಮಾ ಕಾಯಿದೆ ಕಾರ್ಖಾನೆಯ ಕಾರ್ಮಿಕನಿಗೆ ಒಬ್ಬ ನಾಥನನ್ನು ಗೊತ್ತುಮಾಡಿತು. ೧೯೫೨ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆ ಯೋಜನೆ ಆರಂಭವಾಯಿತು. ಮಾಲೀಕನೂ ಕಾರ್ಮಿಕನೂ ಕೂಡಿ ಹಾಕುವ ವಂತಿಗೆಯಿಂದ ಚಿಕಿತ್ಸೆ ನಡೆಯುವುದು ಅದರ ಕ್ರಮ. ಬೀಡಿ ಕಾರ್ಮಿಕರಿಗಾಗಿ ೧೯೭೬ರಲ್ಲಿ ಕ್ಷೇಮನಿಧಿ ಏರ್ಪಟ್ಟು, ಬೀಡಿಗಳ ಮೇಲಿನ ಸಣ್ಣ ಸುಂಕದಿಂದ ಔಷಧಾಲಯಗಳು ನಡೆದುವು. ಗಾಣಕ್ಕೆ ಇಷ್ಟು ಎಣ್ಣೆ ಎಂದು ಕಟ್ಟಿಕೊಂಡ ಹಳೆಯ ಆಯದ ನೆನಪು ಇದರಿಂದ ಬಾರದಿರದು. ೨೦೧೭ರಲ್ಲಿ ಆ ಸುಂಕ ರದ್ದಾಯಿತು. ಕರ್ನಾಟಕದಲ್ಲಿ ಸಹಕಾರ ಸಂಘಗಳ ರೈತಸದಸ್ಯರಿಗಾಗಿ ೨೦೦೩ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ತಿಂಗಳಿಗೆ ಐದು ರೂಪಾಯಿಯಷ್ಟು ಅಲ್ಪ ವಂತಿಗೆಯಿಂದ ಶಸ್ತ್ರಚಿಕಿತ್ಸೆಗಳು ಸಾಧ್ಯವಾದುವು. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ಚಿಕಿತ್ಸೆಗೆ ಏರ್ಪಾಡು ಮಾಡಿತು. ಯಶಸ್ವಿನಿಯೂ ನಡುವೆ ನಿಂತು ಮತ್ತೆ ಜೀವ ಪಡೆಯಿತು.

ಇವೆಲ್ಲ ದೊಡ್ಡ ಉಪಕಾರಗಳು. ಆದರೂ ಹೃದಯದ ಶಸ್ತ್ರಚಿಕಿತ್ಸೆಗೆ ದಾರಿಯಾದ ಮಾತ್ರಕ್ಕೆ ಹಮಾಲಿಯವನ ಮೂರು ದಿನದ ಜ್ವರಕ್ಕೆ, ಮನೆಗೆಲಸದವಳ ರಕ್ತದೊತ್ತಡದ ಗುಳಿಗೆಗೆ ದಾರಿಯಾಗುವುದಿಲ್ಲ. ವಲಸೆ ಬಂದ ಗಾರೆಕೆಲಸದವನ ಬಳಿ ತೋರಿಸಬೇಕಾದ ಚೀಟಿ ಇರುವುದಿಲ್ಲ. ಕೆಲಸವಿದೆ, ಕೂಲಿಯಿದೆ, ಆದರೆ ಕಾಯಿಲೆ ಬಿದ್ದರೆ ನಾಥನಿಲ್ಲ. ಸಣ್ಣ ಕಾಯಿಲೆಯನ್ನು ಸಹಿಸಿ ದೊಡ್ಡದು ಮಾಡಿಕೊಂಡ ಮೇಲೆಯೇ ಅವನು ಆಸ್ಪತ್ರೆಯ ಬಾಗಿಲಿಗೆ ಬರುತ್ತಾನೆ. ಈ ಅಂತರವನ್ನು ತುಂಬತಕ್ಕದ್ದು ಊರಿನ ಧರ್ಮಾರ್ಥ ಔಷಧಾಲಯ: ಒಬ್ಬ ವೈದ್ಯ, ಒಬ್ಬ ಶುಶ್ರೂಷಕಿ, ಕೆಲಸ ಮುಗಿಸಿ ಬರುವವರಿಗಾಗಿ ಸಂಜೆ ತೆರೆದಿರುವ ಬಾಗಿಲು.

ವೀರಶೈವ ಸಮಾಜ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಏಳು ಮಂದಿ ಅಧ್ಯಾಪಕರು ೧೯೧೬ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಕೆ. ಎಲ್. ಇ. ಸಂಸ್ಥೆ ಮುಂದೆ ೧೯೬೩ರಲ್ಲಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಕಾರಣವಾಯಿತು. ಸುತ್ತೂರು ಶ್ರೀಮಠದ ವಿದ್ಯಾಪೀಠ ೧೯೮೪ರಲ್ಲಿ ಮೈಸೂರಿನಲ್ಲಿ ಅಂಥದೇ ಮಹಾವಿದ್ಯಾಲಯವನ್ನು ತೆರೆಯಿತು. ಅವುಗಳ ಹಿರಿಮೆ ನಿರ್ವಿವಾದ. ಆದರೆ ಹಿರಿಯ ಆಸ್ಪತ್ರೆಯನ್ನು ಕಂಡು ಕಿರಿಯ ಔಷಧಾಲಯದ ಹೊಣೆ ತೀರಿತೆಂದು ಭಕ್ತರು ತಿಳಿಯಬಾರದು. ಮಠ ಜಾಗವನ್ನು ಕೊಡಬಹುದು, ವೈದ್ಯನನ್ನು ಕರೆತರಬಹುದು. ನಾಳಿನ ಮದ್ದಿಗೆ ಇಂದು ಹಾಕಬೇಕಾದ ಹಾಗವನ್ನು ಹಾಕತಕ್ಕವರು ಊರಿನ ಅಂಗಡಿಯವರು, ನೌಕರರು, ಒಕ್ಕಲಿಗರು, ಕೂಲಿಯವರು. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ದಾನಿಗೆ ನಮ್ಮಲ್ಲಿ ಕೊರತೆಯಿಲ್ಲ. ಪ್ರತಿ ತಿಂಗಳೂ ಹೆಸರಿಲ್ಲದೆ ಗುಳಿಗೆಯ ಬೆಲೆಯನ್ನು ತುಂಬುವ ದಾಸೋಹಿ ಬೇಕಾಗಿದ್ದಾನೆ.

ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ದಾರಿ. ಕೆರೆಯ ದಡದಲ್ಲಿದ್ದ ಮಠಕ್ಕೆ ಆ ಹೆಸರು ಬಂದುದು ಸಹಜವಾಗಿಯೇ ಇದೆ. ಕೋಡಿಯ ನೀರು ಕೆಳಗಿನ ಬಯಲನ್ನು ತಣಿಸುತ್ತದೆ. ಆದರೆ ಕೋಡಿ ಹರಿಯಬೇಕಾದರೆ ಕೆರೆ ತುಂಬಬೇಕು. ಕೆರೆ ತುಂಬುವುದು ಸುತ್ತಲಿನ ಸಣ್ಣ ಸಣ್ಣ ಹಳ್ಳಗಳಿಂದ. ಕೋಡಿಯಮಠದ ಭೈಷಜ್ಯಸ್ಥಾನ ಅಳಿದು ಶತಮಾನಗಳು ಕಳೆದುವು. ಅದರ ಬಾಗಿಲಲ್ಲಿ ನಿಂತಿದ್ದ ರೋಗಿ ಇಂದು ನಮ್ಮ ಊರಿನ ಸಂತೆಬೀದಿಯಲ್ಲಿ ಮೂಟೆ ಹೊರುತ್ತಿದ್ದಾನೆ.