ಎರಡನೇ ದರ್ಜೆಯ ಕಪ್, ಮೊದಲ ದರ್ಜೆಯ ಜಗಳ

ಕ್ರೀಡಾಕೂಟದ ಫಲಿತಾಂಶ ಕಳಿಸುವಾಗ ಡೆಸ್ಕಿನಿಂದ ಬರುವ ಮಾತು ನಮ್ಮಂಥ ಸ್ಟ್ರಿಂಗರ್‌ಗಳಿಗೆಲ್ಲ ಬಾಯಿಪಾಠ: ಮೊದಲ ಮೂರು ಹೆಸರು ಸಾಕು, ಉಳಿದದ್ದು ಬಿಡಿ. ಪುಟದಲ್ಲಿ ಜಾಗ ಇರುವುದಿಲ್ಲ, ಬಿಡುತ್ತೇವೆ. ಹೀಗೆ ಬಿಟ್ಟ ಹೆಸರುಗಳಿಗೂ ಒಂದು ಬೆಲೆ ಇರುತ್ತದೆ ಎಂದು ನಮಗೆ ಗಟ್ಟಿಯಾಗಿ ಅನಿಸಿದ್ದು ಹಿಮದ ನಾಡಿನ ಒಂದು ಆಟದ ಚರಿತ್ರೆ ಓದಿದಾಗ. ಆಟ ಸ್ಕೀ ಜಂಪಿಂಗ್. ಸ್ಪರ್ಧೆಯ ಹೆಸರು ಮಹಿಳೆಯರ ಕಾಂಟಿನೆಂಟಲ್ ಕಪ್.

ಆಟ ನೋಡದವರಿಗೆ ಎರಡು ಮಾತು. ಎತ್ತರದ ಗೋಪುರದಿಂದ ಇಳಿಜಾರಿನಲ್ಲಿ ಜಾರಿ ಬಂದು, ತುದಿಯಲ್ಲಿ ಗಾಳಿಗೆ ಚಿಮ್ಮಿ, ಕಾಲಿಗೆ ಕಟ್ಟಿದ ಉದ್ದನೆಯ ಹಲಗೆಗಳನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಅಗಲಿಸಿ ತೇಲಿ, ದೂರದಲ್ಲಿ ಇಳಿಯಬೇಕು. ಎಷ್ಟು ಮೀಟರ್ ಹಾರಿದರು ಎನ್ನುವುದಕ್ಕೆ ಅಂಕ. ಹಾರಿದ ರೀತಿ, ಇಳಿದ ರೀತಿಗೆ ಐವರು ತೀರ್ಪುಗಾರರ ಅಂಕ ಬೇರೆ. ಅದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಸ್ಪರ್ಧೆಯಲ್ಲಿ ಗೆದ್ದವರಿಗೆ 100, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೆ ಇಳಿಯುತ್ತ ಮೂವತ್ತನೆಯವರಿಗೆ 1 ಅಂಕ. ಇಡೀ ಋತುವಿನ ಅಂಕ ಕೂಡಿಸಿ ಕಪ್ ಕೊಡುತ್ತಾರೆ.

ಗಂಡಸರಿಗೆ ಈ ಏಣಿ ಸ್ಪಷ್ಟವಾಗಿತ್ತು. 1979–80ರಿಂದ ಅವರಿಗೆ ವಿಶ್ವಕಪ್ ಇದೆ. ಕಾಂಟಿನೆಂಟಲ್ ಕಪ್ ಅದರ ಕೆಳಗಿನ ಮೆಟ್ಟಿಲು. ಹೊಸ ಹುಡುಗರು, ಗಾಯದಿಂದ ಎದ್ದು ಬರುವವರು, ತಂಡದಲ್ಲಿ ಜಾಗ ಕಳೆದುಕೊಂಡವರು ಅಲ್ಲಿ ಹಾರುತ್ತಾರೆ. 2004–05ರ ಋತುವಿನಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಹೆಂಗಸರಿಗೂ ಕಾಂಟಿನೆಂಟಲ್ ಕಪ್ ಶುರು ಮಾಡಿತು. ಆದರೆ ಹೆಂಗಸರಿಗೆ ಅದರ ಮೇಲೆ ಇನ್ನೊಂದು ಮೆಟ್ಟಿಲೇ ಇರಲಿಲ್ಲ. ಜಗತ್ತಿನ ಅತ್ಯುತ್ತಮ ಜಿಗಿತಗಾರ್ತಿ ಗೆಲ್ಲಬಹುದಾದ ಅತಿ ದೊಡ್ಡ ಕಪ್ಪಿಗೆ ಎರಡನೇ ದರ್ಜೆಯ ಹೆಸರು. ಏಳು ಋತು ಹೀಗೇ ನಡೆಯಿತು. ಮೊದಲ ಐದನ್ನು ನಾರ್ವೆಯ ಆನೆಟ್ ಸಾಗೆನ್ ಗೆದ್ದರು, ನಂತರದ ಎರಡನ್ನು ಆಸ್ಟ್ರಿಯಾದ ಡ್ಯಾನಿಯೆಲಾ ಇರಾಷ್ಕೊ.

ಹೆಂಗಸರು ಆಗಷ್ಟೇ ಹಾರಲು ಕಲಿತಿದ್ದರು ಎಂದುಕೊಳ್ಳಬೇಡಿ. 1862ರಲ್ಲೇ ನಾರ್ವೆಯ ಟ್ರೈಸಿಲ್‌ನಲ್ಲಿ ಇಂಗ್ರಿಡ್ ವೆಸ್ಟ್‌ಬಿ ಎಂಬಾಕೆ ಹಾರಿದ ದಾಖಲೆ ಇದೆ. 1911ರಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಕೌಂಟೆಸ್ ಪೌಲಾ ಲಾಂಬರ್ಗ್ ಉದ್ದನೆಯ ಲಂಗ ತೊಟ್ಟುಕೊಂಡೇ 22 ಮೀಟರ್ ಹಾರಿದ್ದರು. 2003ರ ಜನವರಿಯಲ್ಲಿ, ಅಂದರೆ ಕಾಂಟಿನೆಂಟಲ್ ಕಪ್ ಶುರುವಾಗುವ ಮೊದಲೇ, ಇರಾಷ್ಕೊ ಆಸ್ಟ್ರಿಯಾದ ಕುಲ್ಮ್‌ನಲ್ಲಿ 200 ಮೀಟರ್ ಮುಟ್ಟಿದ್ದರು.

ಗಂಡಸರ ಸ್ಕೀ ಜಂಪಿಂಗ್ 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಇದೆ. ಹೆಂಗಸರನ್ನು ಹೊರಗಿಡಲು ಕಾಲಕಾಲಕ್ಕೆ ಬೇರೆ ಬೇರೆ ಕಾರಣ ಹೇಳಿದರು. ಮೊದಲಿನದು ಮೈಯ ಕಾರಣ. 2005ರಲ್ಲಿ ಕೂಡ ಸ್ಕೀ ಒಕ್ಕೂಟದ ಅಧ್ಯಕ್ಷ ಜಾನ್ ಫ್ರಾಂಕೊ ಕಾಸ್ಪರ್, ವರ್ಷಕ್ಕೆ ಸಾವಿರ ಸಲ ಎತ್ತರದಿಂದ ನೆಲಕ್ಕೆ ಜಿಗಿದಂತಾಗುವ ಈ ಆಟ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ಸರಿಹೊಂದದು ಎಂಬರ್ಥದ ಮಾತು ಆಡಿದ್ದರು. ಅದೇ ಒಕ್ಕೂಟದ ಕಪ್ಪಿಗಾಗಿ ಹೆಂಗಸರು ಆಗಲೇ ಹಾರುತ್ತಿದ್ದರು!

ಮೈಯ ಕಾರಣ ನಿಲ್ಲದಾದಾಗ ಲೆಕ್ಕದ ಕಾರಣ ಬಂತು. 2006ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೊಸ ಸ್ಪರ್ಧೆಗಳನ್ನು ಆರಿಸಲು ಕೂತಿತು. ಸ್ಕೀ ಕ್ರಾಸ್ ಎಂಬ ಹೊಸ ಸ್ಪರ್ಧೆ ಒಳಗೆ ಬಂತು. ಹೆಂಗಸರ ಸ್ಕೀ ಜಂಪಿಂಗ್ ಬರಲಿಲ್ಲ. ಆಡುವವರು ಕಡಿಮೆ, ಆಡುವ ದೇಶಗಳು ಕಡಿಮೆ, ವಿಶ್ವ ಚಾಂಪಿಯನ್‌ಷಿಪ್ ಇನ್ನೂ ನಡೆದೇ ಇಲ್ಲ ಎಂಬ ವಾದ. ವಿಶ್ವ ಚಾಂಪಿಯನ್‌ಷಿಪ್ ಇಟ್ಟುಕೊಡಬೇಕಾದವರು ಅದುವರೆಗೆ ಇಟ್ಟಿರಲಿಲ್ಲ. ಒಲಿಂಪಿಕ್ಸ್ ಇಲ್ಲದ ಆಟಕ್ಕೆ ಹಣ, ತರಬೇತಿ ಸಿಗುವುದು ಕಷ್ಟ. ಅವೆರಡೂ ಇಲ್ಲದೆ ಆಡುವವರು ಹೆಚ್ಚುವುದಾದರೂ ಹೇಗೆ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ.

ಜಿಗಿತಗಾರ್ತಿಯರು ಎರಡು ಕೆಲಸ ಮಾಡಿದರು. ಒಂದು, ಹಾರುತ್ತಲೇ ಇದ್ದರು. 2009ರ ಫೆಬ್ರುವರಿ 20ರಂದು ಜೆಕ್ ಗಣರಾಜ್ಯದ ಲಿಬೆರೆಟ್ಸ್‌ನಲ್ಲಿ ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಮೆರಿಕದ ಲಿಂಡ್ಸೆ ವ್ಯಾನ್ ಚಿನ್ನ, ಜರ್ಮನಿಯ ಉಲ್ರಿಕೆ ಗ್ರೆಸ್ಲರ್ ಬೆಳ್ಳಿ, ಸಾಗೆನ್ ಕಂಚು ಗೆದ್ದರು. ಇಳಿಜಾರಿನಲ್ಲಿ ವೇಗವಾಗಿ ಸ್ಕೀ ಮಾಡುವ ಲಿಂಡ್ಸೆ ವಾನ್ ಬೇರೆ, ಈ ವ್ಯಾನ್ ಬೇರೆ. ವ್ಯಾಂಕೂವರ್ ಒಲಿಂಪಿಕ್ಸ್‌ಗಾಗಿ ವಿಸ್ಲರ್‌ನಲ್ಲಿ ಕಟ್ಟಿದ ಚಿಕ್ಕ ಜಿಗಿತದ ಗುಡ್ಡದಲ್ಲಿ ಗಂಡಸರನ್ನೂ ಸೇರಿಸಿ ಅತಿ ದೂರ ಹಾರಿದ ದಾಖಲೆ ಒಲಿಂಪಿಕ್ಸ್ ಶುರುವಾಗುವವರೆಗೂ ಈಕೆಯ ಹೆಸರಿನಲ್ಲಿತ್ತು. ಆ ಒಲಿಂಪಿಕ್ಸ್‌ನಲ್ಲಿ ಆಕೆಗೆ ಹಾರಲು ಅವಕಾಶ ಇರಲಿಲ್ಲ.

ಎರಡು, ಕೋರ್ಟಿಗೆ ಹೋದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸುಪ್ರೀಂ ಕೋರ್ಟಿನಲ್ಲಿ ಹಲವು ದೇಶಗಳ ಜಿಗಿತಗಾರ್ತಿಯರು ವ್ಯಾಂಕೂವರ್ ಸಂಘಟನಾ ಸಮಿತಿಯ ಮೇಲೆ ದಾವೆ ಹೂಡಿದರು. ಕಾನೂನು ಪುಸ್ತಕಗಳಲ್ಲಿ ಆ ಮೊಕದ್ದಮೆ ಇರುವುದು ಸಾಗೆನ್ ಹೆಸರಿನಲ್ಲೇ. 2009ರ ಜುಲೈ 10ರಂದು ನ್ಯಾಯಮೂರ್ತಿ ಲೌರಿ ಆ್ಯನ್ ಫೆನ್‌ಲಾನ್ ತೀರ್ಪು ಕೊಟ್ಟರು. ಹೆಂಗಸರಿಗೆ ತಾರತಮ್ಯ ಆಗಿರುವುದು ನಿಜ ಎಂದರು. ಗಂಡಸರ ಸ್ಪರ್ಧೆ ಉಳಿದಿರುವುದು ಹಳೆಯ ಸಂಪ್ರದಾಯದ ಬಲದಿಂದ ಎಂಬುದನ್ನೂ ಗುರುತಿಸಿದರು. ಆದರೆ ತಾರತಮ್ಯ ಮಾಡಿದ್ದು ಒಲಿಂಪಿಕ್ ಸಮಿತಿ, ಅದು ಕೆನಡಾದ ಹಕ್ಕುಗಳ ಸನ್ನದಿನ ಕೈಗೆ ಸಿಗುವುದಿಲ್ಲ ಎಂದು ಹೇಳಿ ಪರಿಹಾರ ಕೊಡಲಿಲ್ಲ. ನವೆಂಬರ್‌ನಲ್ಲಿ ಮೇಲ್ಮನವಿ ಬಿತ್ತು. ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ವಿಚಾರಣೆಗೇ ಒಪ್ಪಲಿಲ್ಲ. ಅನ್ಯಾಯ ಆಗಿದೆ, ನಾವೇನೂ ಮಾಡಲಾರೆವು ಎಂಬ ಇಂಥ ಹಿಂಬರಹ ತಾಲ್ಲೂಕು ಕಚೇರಿ ಸುತ್ತಿದ ಯಾರಿಗೂ ಹೊಸದಲ್ಲ.

ನಾರ್ವೆಯಲ್ಲಿ 2010ರ ಮಾರ್ಚ್‌ನಲ್ಲಿ ನಡೆದ ಒಂದು ಘಟನೆ ಇಡೀ ಕಥೆಯನ್ನೇ ಚಿಕ್ಕದಾಗಿ ಹೇಳಿಬಿಡುತ್ತದೆ. ಓಸ್ಲೊದ ಪ್ರಸಿದ್ಧ ಹೋಲ್ಮೆನ್‌ಕೋಲೆನ್ ಜಿಗಿತದ ಗುಡ್ಡವನ್ನು ಕೆಡವಿ ಹೊಸದಾಗಿ ಕಟ್ಟಿದ್ದರು. ಮೊದಲ ಜಿಗಿತದ ಗೌರವ ಸಾಗೆನ್‌ಗೆ ಎಂದು ನಿಗದಿಯಾಗಿತ್ತು. ಹಿಂದಿನ ರಾತ್ರಿಯೇ ಗಂಡಸರ ತಂಡದ ಬ್ಯೋರ್ನ್ ಐನಾರ್ ರೋಮೋರೆನ್ ಸದ್ದಿಲ್ಲದೆ ಹಾರಿಬಿಟ್ಟರು. ಗೃಹಪ್ರವೇಶದ ಹಿಂದಿನ ದಿನ ಬೇರೆಯವರು ಹಾಲುಕ್ಕಿಸಿ ಹೋದಂತೆ. ದೊಡ್ಡ ಗದ್ದಲವೇ ಆಯಿತು. ಮರುದಿನ ಸಾಗೆನ್ ಹಾರಿದರು. ಅಧಿಕೃತವಾಗಿ ಮೊದಲ ಜಿಗಿತ ಅವರದೇ.

ಕೊನೆಗೆ 2011ರ ಏಪ್ರಿಲ್ 6ರಂದು ಒಲಿಂಪಿಕ್ ಸಮಿತಿ ಒಪ್ಪಿತು. ಕೋರ್ಟು ಒಪ್ಪಿಸಲಿಲ್ಲ. ವರ್ಷವರ್ಷವೂ ನಡೆದ ಸ್ಪರ್ಧೆಗಳು ಒಪ್ಪಿಸಿದವು ಎಂದು ನಾವು ನಂಬುತ್ತೇವೆ. ಆಡುವವರು ಇಲ್ಲ ಎಂದವರಿಗೆ ಉತ್ತರ ಇದ್ದದ್ದು ಏಳು ಋತುಗಳ ಫಲಿತಾಂಶ ಪಟ್ಟಿಯಲ್ಲಿ. ಅದರಲ್ಲೂ ಮೊದಲ ಮೂರು ಹೆಸರುಗಳಲ್ಲಿ ಅಲ್ಲ, ಅವುಗಳ ಕೆಳಗೆ. ಸಾಗೆನ್, ವ್ಯಾನ್, ಇರಾಷ್ಕೊ ಎಷ್ಟು ಚೆನ್ನಾಗಿ ಹಾರಿದರೂ ಮೂವರಿಂದ ಒಂದು ಆಟ ಆಗುವುದಿಲ್ಲ. ಇಪ್ಪತ್ತನೇ, ಮೂವತ್ತನೇ ಸ್ಥಾನಕ್ಕೆ ಬಂದ, ಯಾವ ಪತ್ರಿಕೆಯೂ ಹೆಸರು ಹಾಕದ ಹುಡುಗಿಯರು ಮರುವರ್ಷವೂ ಬಂದರು. ಅವರಿಂದಾಗಿ ಅದು ಆಟವಾಯಿತು.

2011ರ ಡಿಸೆಂಬರ್ 3ರಂದು ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಹೆಂಗಸರ ಮೊದಲ ವಿಶ್ವಕಪ್ ಸ್ಪರ್ಧೆ ನಡೆಯಿತು. ಅಮೆರಿಕದ ಸಾರಾ ಹೆಂಡ್ರಿಕ್ಸನ್ ಗೆದ್ದರು. ಆ ಋತುವಿನಿಂದ ಕಾಂಟಿನೆಂಟಲ್ ಕಪ್ ನಿಜವಾಗಿ ಎರಡನೇ ದರ್ಜೆಗೆ ಇಳಿಯಿತು. ದೊಡ್ಡವರೆಲ್ಲ ಮೇಲೆ ಹೋದರು. ಕೆಳಗೆ ಉಳಿದದ್ದು ನೊಟೊಡೆನ್, ಬ್ರೊಟೆರೋಡೆಯಂಥ ಸಣ್ಣ ಊರುಗಳ ಗುಡ್ಡಗಳು, ಶಾಲೆ ಮುಗಿಸದ ಹುಡುಗಿಯರು, ಮಂಡಿಯ ಆಪರೇಷನ್ ಆಗಿ ಮತ್ತೆ ಶುರು ಮಾಡುವವರು. ಬೇರೆ ಆಟಗಳಲ್ಲಿ ಇದನ್ನು ಹಿಂಬಡ್ತಿ ಎನ್ನಬಹುದಿತ್ತು. ಇಲ್ಲಿ ನಮಗೆ ಹಾಗನಿಸುವುದಿಲ್ಲ. ಎರಡನೆಯದು ಎನ್ನಬೇಕಾದರೆ ಮೊದಲನೆಯದು ಇರಬೇಕಲ್ಲ!

2014ರ ಫೆಬ್ರುವರಿ 11ರಂದು ಸೋಚಿಯಲ್ಲಿ 30 ಜಿಗಿತಗಾರ್ತಿಯರು ಒಲಿಂಪಿಕ್ಸ್‌ನಲ್ಲಿ ಹಾರಿದರು. ಮೊದಲ ನಂಬರಿನ ಅಂಗಿ ಗಾಯದಿಂದ ಆಗಷ್ಟೇ ಮರಳಿದ್ದ ಹೆಂಡ್ರಿಕ್ಸನ್‌ಗೆ ಬಂತು. ಚಿನ್ನ ಗೆದ್ದದ್ದು ಅದುವರೆಗೆ ಒಂದೂ ವಿಶ್ವಕಪ್ ಸ್ಪರ್ಧೆ ಗೆದ್ದಿರದ ಜರ್ಮನಿಯ ಕರೀನಾ ಫೋಗ್ಟ್. ಮೂವತ್ತು ವರ್ಷದ ಇರಾಷ್ಕೊಗೆ ಬೆಳ್ಳಿ, ಫ್ರಾನ್ಸಿನ ಕೊಲೀನ್ ಮಾಟೆಲ್‌ಗೆ ಕಂಚು. ಲಿಂಡ್ಸೆ ವ್ಯಾನ್ 15ನೆಯವರು.

ಐದು ಸಲ ಕಾಂಟಿನೆಂಟಲ್ ಕಪ್ ಗೆದ್ದ, ಮೊಕದ್ದಮೆಗೆ ಹೆಸರು ಕೊಟ್ಟ ಆನೆಟ್ ಸಾಗೆನ್ ಆ ಮೂವತ್ತರಲ್ಲಿ ಇರಲಿಲ್ಲ. ನಾರ್ವೆ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಅವರಿಗಿಂತ ದೂರ ಹಾರುವ ಹುಡುಗಿಯರು ಬಂದಿದ್ದರು. ಆಮೇಲೂ ಹಲವು ಚಳಿಗಾಲ ಆ ಸಣ್ಣ ಊರುಗಳಲ್ಲಿ ಕಾಂಟಿನೆಂಟಲ್ ಕಪ್ ನಡೆಯಿತು, ಮೂವತ್ತನೇ ಸ್ಥಾನದವಳಿಗೂ ಒಂದು ಅಂಕ ಸಿಗುತ್ತಿತ್ತು. ಮುಂದಿನ ಕ್ರೀಡಾಕೂಟಕ್ಕೆ ಹೋದಾಗ ನಾವು ಹುಡುಗಿಯರ ಪಟ್ಟಿಯನ್ನು ಪೂರ್ತಿ ಬರೆದುಕೊಂಡು ಬರಬೇಕೆಂದಿದ್ದೇವೆ. ಪತ್ರಿಕೆಯಲ್ಲಿ ಬರದಿದ್ದರೆ ಬೇಡ, ನಮ್ಮ ನೋಟ್‌ಬುಕ್ಕಿನಲ್ಲಾದರೂ ಇರಲಿ.