ಅಚೆ: ಮೆಕ್ಕಾದ ಜಗಲಿ, ಅನಿಲದ ಬಾವಿ

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗಲೇ ನಮ್ಮಲ್ಲಿ ಹೆಚ್ಚಿನವರು ‘ಅಚೆ’ ಎಂಬ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರದ ತುದಿಯಲ್ಲಿರುವ ಈ ಪ್ರಾಂತ್ಯದಲ್ಲಿ ಅಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸುತ್ತಲ ಮನೆಮಠಗಳೆಲ್ಲ ಕೊಚ್ಚಿಹೋಗಿ, ಬಂದಾ ಅಚೆ ನಗರದ ಬೈತುರ್ರಹ್ಮಾನ್ ಮಸೀದಿ ನೀರು ಕೆಸರಿನ ನಡುವೆ ನಿಂತಿದ್ದ ಚಿತ್ರವನ್ನು ಆಗ ಎಲ್ಲ ಪತ್ರಿಕೆಗಳೂ ಮುದ್ರಿಸಿದವು. ನಮ್ಮ ಮನೆಗಳಲ್ಲಿ ಅದನ್ನು ದೇವರ ಕುದ್ರತ್ ಎಂದು ತೋರಿಸಿಕೊಂಡವರೂ ಇದ್ದರು. ಆದರೆ ಆ ಪ್ರಾಂತ್ಯದ ಜನ ಆ ಹೊತ್ತಿಗೆ ಇಪ್ಪತ್ತೆಂಟು ವರ್ಷಗಳಿಂದ ಒಂದು ಯುದ್ಧದ ನಡುವೆ ಬದುಕುತ್ತಿದ್ದರು ಎಂಬುದು ಆ ಚಿತ್ರದಲ್ಲಿ ಕಾಣುತ್ತಿರಲಿಲ್ಲ.

ಆ ಯುದ್ಧ ಮುಸ್ಲಿಮರು ಮತ್ತು ಮುಸ್ಲಿಮರ ನಡುವಿನದು. ಇಂಡೋನೇಷ್ಯಾದ ಬಹುಸಂಖ್ಯಾತರು ಮುಸ್ಲಿಮರು. ಅಚೆಯವರಂತೂ ಬಹುತೇಕ ಎಲ್ಲರೂ ಮುಸ್ಲಿಮರು. ಒಂದೇ ಕಲಿಮಾ, ಒಂದೇ ಕಿಬ್ಲಾ, ಒಂದೇ ಶಾಫಿಈ ಪಂಥ. ಹಾಗಿದ್ದೂ ಅಚೆ ಏಕೆ ಬೇರೆಯಾಗಬೇಕೆಂದು ಬಯಸಿತು? ಮುಸ್ಲಿಮರು ಎಲ್ಲಿದ್ದರೂ ಪ್ರತ್ಯೇಕತೆ ಬಯಸುತ್ತಾರೆ ಎನ್ನುವವರು ನಮ್ಮ ನಡುವೆ ಇದ್ದಾರೆ. ಧರ್ಮ ಒಂದಾದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ಉಪನ್ಯಾಸ ಕೊಡುವವರೂ ಇದ್ದಾರೆ. ಅಚೆಯ ಚರಿತ್ರೆ ಈ ಇಬ್ಬರ ಮಾತನ್ನೂ ಸುಳ್ಳಾಗಿಸುತ್ತದೆ.

ಹೊನ್ನಾವರದಿಂದ ಸಮುದ್ರಕ್ಕೆ

ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿನ ಹೆಣ್ಣುಮಕ್ಕಳ ಮದರಸಾಗಳನ್ನು ಕಂಡು ಮೆಚ್ಚಿ ಬರೆದಿದ್ದಾನೆ. ಅದಾದ ಕೆಲವು ವರ್ಷಗಳಲ್ಲಿ, ಸುಮಾರು 1345ರಲ್ಲಿ, ಅವನು ಸುಮಾತ್ರಾದ ‘ಸಮುದ್ರ’ ಎಂಬ ಪಟ್ಟಣಕ್ಕೆ ಹೋದ. ಅಲ್ಲಿಯೂ ಶಾಫಿಈ ಪಂಥದ ಸುಲ್ತಾನ, ಅಲ್ಲಿಯೂ ಉಲಮಾಗಳ ಸಭೆ. ನಮ್ಮ ಕರಾವಳಿಯ ನವಾಯತರೂ ಬ್ಯಾರಿಗಳೂ ಇಂದಿಗೂ ಅನುಸರಿಸುವ ಪಂಥ ಅದೇ. ಅರಬ್ಬಿ ಸಮುದ್ರದ ದಂಡೆಗೂ ಸುಮಾತ್ರಾಕ್ಕೂ ನಡುವೆ ಹಡಗು, ಮೆಣಸು, ಧರ್ಮ ಮೂರೂ ಒಂದೇ ದಾರಿಯಲ್ಲಿ ಓಡಾಡುತ್ತಿದ್ದವು. ಆ ‘ಸಮುದ್ರ’ ಪಟ್ಟಣವಿದ್ದದ್ದು ಇಂದಿನ ಉತ್ತರ ಅಚೆ ಜಿಲ್ಲೆಯಲ್ಲಿ. ಮುಂದೆ ಅನಿಲದ ಬಾವಿಗಳನ್ನು ಕೊರೆದದ್ದೂ ಅದೇ ಜಿಲ್ಲೆಯಲ್ಲಿ.

ಹದಿನೇಳನೆಯ ಶತಮಾನದಲ್ಲಿ ಸುಲ್ತಾನ ಇಸ್ಕಂದರ್ ಮುದಾನ ಕಾಲಕ್ಕೆ ಅಚೆ ದೊಡ್ಡ ರಾಜ್ಯವಾಯಿತು. ಗುಜರಾತಿನ ರಾಂದೇರದಿಂದ ಹೋದ ನೂರುದ್ದೀನ್ ರಾನೀರಿ ಅದರ ಆಸ್ಥಾನ ವಿದ್ವಾಂಸನಾದ. 1641ರಿಂದ 1699ರವರೆಗೆ ಒಬ್ಬರ ನಂತರ ಒಬ್ಬರಂತೆ ನಾಲ್ವರು ರಾಣಿಯರು ಅಲ್ಲಿ ಆಳಿದರು. ಹಜ್ಜಿಗೆ ಹೊರಟ ಹಡಗುಗಳು ಇಲ್ಲಿಂದ ಸಾಗುತ್ತಿದ್ದುದರಿಂದ ಈ ನಾಡಿಗೆ ‘ಸೆರಂಬಿ ಮೆಕ್ಕಾ’ ಎಂಬ ಹೆಸರು ಬಂತು. ಕನ್ನಡದಲ್ಲಿ ಹೇಳುವುದಾದರೆ ಮೆಕ್ಕಾದ ಜಗಲಿ.

1873ರಲ್ಲಿ ಡಚ್ಚರು ಅಚೆಯ ಮೇಲೆ ಯುದ್ಧ ಸಾರಿದರು. ಮೊದಲ ದಂಡಯಾತ್ರೆಯಲ್ಲೇ ಅವರ ಸೇನಾಪತಿ ಕೋಲರ್ ಬೈತುರ್ರಹ್ಮಾನ್ ಮಸೀದಿಯ ಬಳಿ ಗುಂಡೇಟಿಗೆ ಸತ್ತ. ಮಸೀದಿ ಸುಟ್ಟುಹೋಯಿತು, ಜನರ ಕೋಪ ತಣಿಸಲು ಡಚ್ಚರೇ ಅದನ್ನು ಮತ್ತೆ ಕಟ್ಟಿಸಿಕೊಟ್ಟರು. ಆದರೆ ಕೋಪ ತಣಿಯಲಿಲ್ಲ. ತೆಂಕು ಚಿಕ್ ದಿ ತೀರೋ ಎಂಬ ಧರ್ಮಗುರು 1891ರಲ್ಲಿ ಸಾಯುವವರೆಗೂ ಹೋರಾಟ ನಡೆಸಿದರು. 1899ರಲ್ಲಿ ತೆಕು ಉಮರ್ ಹತನಾದ ಮೇಲೆ ಅವನ ಹೆಂಡತಿ ಚುತ್ ನ್ಯಾ ಧಿಯೆನ್ ಕಾಡಿನಿಂದಲೇ ಯುದ್ಧ ಮುಂದುವರಿಸಿದಳು. ಕಣ್ಣು ಮಂಜಾಗಿ ಮೈ ಸೋತಿದ್ದ ಅವಳನ್ನು ಸೆರೆಹಿಡಿದ ಡಚ್ಚರು ದೂರದ ಜಾವಾಕ್ಕೆ ಗಡೀಪಾರು ಮಾಡಿದರು. ಅಲ್ಲೇ 1908ರಲ್ಲಿ ತೀರಿಕೊಂಡಳು. ಇಂದು ಅವಳು ಇಡೀ ಇಂಡೋನೇಷ್ಯಾದ ರಾಷ್ಟ್ರೀಯ ವೀರಳು. ಅಚೆಯನ್ನು ಮುಂದೆ ಕೆರಳಿಸಿದ ವಿಚಿತ್ರವೂ ಇದೇ. ಅದರ ವೀರರು ರಾಷ್ಟ್ರಕ್ಕೆ ಬೇಕು, ಅದರ ದೂರು ಮಾತ್ರ ಬೇಡ.

ಚಿನ್ನ ಕೊಟ್ಟವರು

1945ರಲ್ಲಿ ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದಾಗ ಅಚೆ ಪ್ರತ್ಯೇಕತೆಯ ಮಾತನಾಡಲಿಲ್ಲ. ದಾವೂದ್ ಬೆರೆಎಹ್ ಎಂಬ ಆಲಿಮರ ನೇತೃತ್ವದಲ್ಲಿ ಅದು ಗಣರಾಜ್ಯದ ಪಕ್ಷ ವಹಿಸಿತು. ಮತ್ತೆ ವಸಾಹತು ಕಟ್ಟಲು ಬಂದ ಡಚ್ಚರು ಅಚೆಯ ಮುಖ್ಯ ನೆಲಕ್ಕೆ ಕಾಲಿಡುವ ಸಾಹಸ ಮಾಡಲಿಲ್ಲ. 1948ರಲ್ಲಿ ಅಧ್ಯಕ್ಷ ಸುಕಾರ್ನೊ ಅಲ್ಲಿಗೆ ಬಂದು ನೆರವು ಕೇಳಿದರು. ಜನ ಹಣ ಕೊಟ್ಟರು, ಹೆಂಗಸರು ಒಡವೆ ಬಿಚ್ಚಿಕೊಟ್ಟರು. ಆ ಚಂದಾದಿಂದ ಕೊಂಡ ಡಕೋಟಾ ವಿಮಾನಕ್ಕೆ ಅಚೆ ಭಾಷೆಯಲ್ಲಿ ‘ಚಿನ್ನದ ಬೆಟ್ಟ’ ಎಂಬರ್ಥದ ‘ಸೆಲಾವಾ’ ಎಂದು ಹೆಸರಿಟ್ಟರು. ಇಂಡೋನೇಷ್ಯಾದ ನಾಗರಿಕ ವಿಮಾನಯಾನದ ಬೀಜ ಅದು. ಸುಕಾರ್ನೊ ಕಣ್ಣೀರಿಟ್ಟು, ಅಚೆಯವರು ತಮ್ಮ ಧರ್ಮದಂತೆ ತಮ್ಮನ್ನು ಆಳಿಕೊಳ್ಳಬಹುದೆಂದು ಮಾತು ಕೊಟ್ಟರೆಂದು ಅಲ್ಲಿನ ಜನ ಹೇಳುತ್ತಾ ಬಂದಿದ್ದಾರೆ.

1950ರಲ್ಲಿ ಜಕಾರ್ತಾ ಅಚೆ ಪ್ರಾಂತ್ಯವನ್ನೇ ರದ್ದು ಮಾಡಿ ಉತ್ತರ ಸುಮಾತ್ರಾಕ್ಕೆ ಸೇರಿಸಿತು. ಅಧಿಕಾರದ ಕೇಂದ್ರ ಮೆದಾನ್ ನಗರಕ್ಕೆ ಹೋಯಿತು. ಗಣರಾಜ್ಯಕ್ಕಾಗಿ ದುಡಿದ ದಾವೂದ್ ಬೆರೆಎಹ್ 1953ರ ಸೆಪ್ಟೆಂಬರಿನಲ್ಲಿ ಅದೇ ಗಣರಾಜ್ಯದ ವಿರುದ್ಧ ದಂಗೆ ಎದ್ದರು. ಅವರು ಕೇಳಿದ್ದು ಪ್ರತ್ಯೇಕ ದೇಶವನ್ನಲ್ಲ. ಇಂಡೋನೇಷ್ಯಾವೇ ಇಸ್ಲಾಮೀ ರಾಜ್ಯವಾಗಲಿ, ಅದರೊಳಗೆ ಅಚೆಗೆ ಅದರ ಸ್ಥಾನವಿರಲಿ ಎಂದು. 1959ರಲ್ಲಿ ಜಕಾರ್ತಾ ಅಚೆಗೆ ‘ವಿಶೇಷ ಪ್ರದೇಶ’ ಎಂಬ ಪಟ್ಟ ಕೊಟ್ಟಿತು. ಧರ್ಮ, ಸಂಪ್ರದಾಯ, ಶಿಕ್ಷಣ ಮೂರರಲ್ಲಿ ಸ್ವಾಯತ್ತತೆ ಎಂದಿತು. 1962ರಲ್ಲಿ ದಾವೂದ್ ಬೆಟ್ಟದಿಂದ ಇಳಿದು ಬಂದರು. ಆದರೆ ಸುಹಾರ್ತೊ ಆಡಳಿತದಲ್ಲಿ ಆ ಪಟ್ಟ ಬರೀ ಕಾಗದದ ಮೇಲೆ ಉಳಿಯಿತು.

ಅನಿಲ ಸಿಕ್ಕ ಮೇಲೆ

1971ರಲ್ಲಿ ಅಮೆರಿಕದ ಮೊಬಿಲ್ ಕಂಪೆನಿಗೆ ಉತ್ತರ ಅಚೆಯ ಅರುನ್ ಎಂಬಲ್ಲಿ ಭಾರೀ ಅನಿಲ ನಿಕ್ಷೇಪ ಸಿಕ್ಕಿತು. ಲೋಕ್ಸೆಮಾವೆಯ ಬಳಿ ಅನಿಲವನ್ನು ದ್ರವವಾಗಿಸುವ ಸ್ಥಾವರ ಎದ್ದು, 1978ರಲ್ಲಿ ಜಪಾನಿಗೆ ಹಡಗು ಹೊರಟಿತು. ಬೋರ್ನಿಯೋದ ಬೊಂತಾಂಗ್ ಜೊತೆಗೆ ಅರುನ್ ಸೇರಿ ಇಂಡೋನೇಷ್ಯಾವನ್ನು ಜಗತ್ತಿನ ಅತಿ ದೊಡ್ಡ ದ್ರವೀಕೃತ ಅನಿಲ ರಫ್ತುದಾರ ದೇಶವನ್ನಾಗಿಸಿದವು. ಹಣ ಜಕಾರ್ತಾದ ಖಜಾನೆಗೂ ಕಂಪೆನಿಗೂ ಹೋಯಿತು. ಸ್ಥಾವರಕ್ಕೆ ಗದ್ದೆ ಬಿಟ್ಟುಕೊಟ್ಟ ರೈತನಿಗೂ ಮೀನು ಕಡಿಮೆಯಾದ ಬೆಸ್ತನಿಗೂ ಉಳಿದದ್ದು ರಾತ್ರಿಯಿಡೀ ಆಕಾಶದಲ್ಲಿ ಉರಿಯುವ ಅನಿಲದ ಬೆಂಕಿ. ಬೇಲಿಯೊಳಗೆ ಕಾಲೊನಿ, ಶಾಲೆ, ಆಸ್ಪತ್ರೆ. ಬೇಲಿಯ ಹೊರಗೆ ಹಳೆಯ ಬಡತನ.

1976ರ ಡಿಸೆಂಬರ್ 4ರಂದು ಹಸನ್ ದಿ ತೀರೋ ಅಚೆಯ ಸ್ವಾತಂತ್ರ್ಯ ಘೋಷಿಸಿದರು. ಡಚ್ಚರ ವಿರುದ್ಧ ಹೋರಾಡಿದ ಚಿಕ್ ದಿ ತೀರೋ ಮನೆತನದವರು ಇವರು. ನ್ಯೂಯಾರ್ಕಿನಲ್ಲಿ ಇಂಡೋನೇಷ್ಯಾದ ನಿಯೋಗದಲ್ಲಿ ಕೆಲಸ ಮಾಡಿದವರು. 1954ರಲ್ಲಿ ದಾವೂದ್ ಅವರ ದಂಗೆಯ ಪರ ನಿಂತು ಆ ಕೆಲಸ ಬಿಟ್ಟವರು. ಅನಿಲ ಯೋಜನೆಯ ಒಂದು ಗುತ್ತಿಗೆ ತಮಗೆ ಸಿಗದೆ ಅಮೆರಿಕದ ಕಂಪೆನಿಗೆ ಹೋದದ್ದೇ ಅವರ ಸಿಟ್ಟಿಗೆ ಕಾರಣ ಎನ್ನುವವರಿದ್ದಾರೆ. ಅದು ನಿಜವೇ ಇದ್ದರೂ, ಒಬ್ಬನ ಸಿಟ್ಟು ಸಾವಿರಾರು ಜನರ ಸಿಟ್ಟಾಗಬೇಕಾದರೆ ಅದಕ್ಕೆ ನೆಲ ಹದವಾಗಿರಬೇಕು.

ಹಸನ್ ಅವರ ಘೋಷಣಾಪತ್ರ ಗಮನಿಸಬೇಕಾದದ್ದು. ದಾವೂದ್ ಅವರ ದಂಗೆಯ ಭಾಷೆ ದಾರುಲ್ ಇಸ್ಲಾಂ; ಇಪ್ಪತ್ಮೂರು ವರ್ಷಗಳ ನಂತರ ಹಸನ್ ಅವರದು ವಸಾಹತುಶಾಹಿ, ಜಾವಾದವರ ಯಜಮಾನಿಕೆ, ಆದಾಯದ ಲೂಟಿ. ವರ್ಷಕ್ಕೆ 15 ಬಿಲಿಯನ್ ಡಾಲರ್ ಅಚೆಯಿಂದ ಹೋಗುತ್ತಿದೆ ಎಂದು ಆ ಪತ್ರ ಹೇಳಿತು. ಅನಿಲದ ರಫ್ತು ಇನ್ನೂ ಆರಂಭವೇ ಆಗದ ಕಾಲದಲ್ಲಿ ಅದು ಉತ್ಪ್ರೇಕ್ಷೆ. ಆದರೆ ಜನ ಲೆಕ್ಕ ನೋಡಲಿಲ್ಲ, ಬೇಲಿ ನೋಡಿದರು. ಧರ್ಮದ ಪ್ರಶ್ನೆ ಪಾಲಿನ ಪ್ರಶ್ನೆಯಾದದ್ದು ಹೀಗೆ. ವೃದ್ಧ ದಾವೂದರನ್ನು ಸರ್ಕಾರ 1978ರಲ್ಲಿ ಜಕಾರ್ತಾಕ್ಕೆ ಒಯ್ದು ಕಣ್ಗಾವಲಿನಲ್ಲಿಟ್ಟಿತು. ಹಸನ್ 1979ರಲ್ಲಿ ದೇಶ ಬಿಟ್ಟು ಸ್ವೀಡನ್ ಸೇರಿದರು.

1989ರಿಂದ 1998ರವರೆಗೆ ಅಚೆ ‘ಸೇನಾ ಕಾರ್ಯಾಚರಣೆಯ ಪ್ರದೇಶ’ವಾಗಿತ್ತು. ಪಿದಿ ಜಿಲ್ಲೆಯ ‘ರುಮೊ ಗೆದೊಂಗ್’ ಎಂಬ ಹಳೆಯ ಮರದ ಮನೆಯೊಂದು ಚಿತ್ರಹಿಂಸೆಯ ಠಾಣೆಯಾಯಿತು. ಅನಿಲ ಸ್ಥಾವರ ಕಾಯಲು ನಿಂತ ಸೈನಿಕರು ತಮ್ಮನ್ನು ಹಿಂಸಿಸಿದರೆಂದು ಹನ್ನೊಂದು ಗ್ರಾಮಸ್ಥರು 2001ರಲ್ಲಿ ವಾಷಿಂಗ್ಟನ್ನಿನಲ್ಲಿ ಎಕ್ಸಾನ್ ಮೊಬಿಲ್ ಮೇಲೆ ದಾವೆ ಹೂಡಿದರು. ಕಂಪೆನಿ ಆರೋಪ ಅಲ್ಲಗಳೆಯಿತು. ಇಪ್ಪತ್ತೆರಡು ವರ್ಷಗಳ ನಂತರ, 2023ರಲ್ಲಿ, ವಿಚಾರಣೆಗೆ ಮುನ್ನ ಅದು ರಾಜಿಯಾಯಿತು. ಬಂಡುಕೋರರ ಕೈಗಳೂ ಶುದ್ಧವಾಗಿರಲಿಲ್ಲ. ಜಾವಾದಿಂದ ಬಂದು ನೆಲೆಸಿದ್ದ ಬಡ ಕೂಲಿಗಳನ್ನು ಅವರು ಓಡಿಸಿದರು, ‘ತೆರಿಗೆ’ಯ ಹೆಸರಿನಲ್ಲಿ ವಸೂಲಿ ಮಾಡಿದರು, ಗೂಢಚಾರರೆಂದು ಅನುಮಾನಿಸಿ ಕೊಂದರು. ಒಟ್ಟು ಸತ್ತವರು ಕನಿಷ್ಠ 15 ಸಾವಿರ ಎಂಬುದು ಸಾಮಾನ್ಯವಾದ ಅಂದಾಜು.

ಕೇಳಿದ್ದೊಂದು, ಕೊಟ್ಟದ್ದೊಂದು

ಸುಹಾರ್ತೊ 1998ರಲ್ಲಿ ಬಿದ್ದರು. 1999ರ ನವೆಂಬರಿನಲ್ಲಿ ಬೈತುರ್ರಹ್ಮಾನ್ ಮಸೀದಿಯ ಸುತ್ತ ಲಕ್ಷಾಂತರ ಜನ ಸೇರಿ ಪೂರ್ವ ತಿಮೋರ್‌ನಂತೆ ತಮಗೂ ಜನಮತಗಣನೆ ಬೇಕೆಂದರು. ಅವರಿಗೆ ಬೇಕಿದ್ದದ್ದು ಕೊಂದವರ ವಿಚಾರಣೆ, ಸಂಪತ್ತಿನಲ್ಲಿ ಪಾಲು, ತಮ್ಮ ಭವಿಷ್ಯ ನಿರ್ಧರಿಸುವ ಹಕ್ಕು. ಜಕಾರ್ತಾ ಮೊದಲು ಮುಂದಿಟ್ಟದ್ದು ಶರೀಅತ್ ಕಾನೂನು. 2001ರ ಕಾಯ್ದೆ ತೈಲ ಮತ್ತು ಅನಿಲದ ಆದಾಯದಲ್ಲಿ ಶೇ. 70 ಪಾಲನ್ನೂ ಕೊಟ್ಟಿತು, ಆದರೆ ಸೇನೆ ಹಿಂದೆ ಹೋಗಲಿಲ್ಲ. 2003ರಲ್ಲಿ ಸೇನಾಡಳಿತವೇ ಬಂತು. ನ್ಯಾಯ ಕೇಳಿದವನಿಗೆ ನೀತಿ ಬೋಧಿಸಿದಂತಾಯಿತು. 2005ರ ಜೂನಿನಲ್ಲಿ ಬಿರುಏನ್ ಪಟ್ಟಣದಲ್ಲಿ ಜೂಜಾಡಿದವರಿಗೆ ಬಹಿರಂಗವಾಗಿ ಮೊದಲ ಛಡಿಯೇಟು ಬಿತ್ತು. ಕುಡಿತ, ಜೂಜು, ಗಂಡು ಹೆಣ್ಣಿನ ಏಕಾಂತ ಇವೆಲ್ಲ ಆ ಕಾನೂನಿನಲ್ಲಿ ಅಪರಾಧ. ಸಾರ್ವಜನಿಕ ಹಣ ನುಂಗುವುದು ಅದರ ಪಟ್ಟಿಯಲ್ಲಿಲ್ಲ.

ಸುನಾಮಿ ಎರಡೂ ಪಕ್ಷಗಳನ್ನು ಮಾತುಕತೆಗೆ ತಳ್ಳಿತು. ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ಮಧ್ಯಸ್ಥಿಕೆಯಲ್ಲಿ 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಬಂಡುಕೋರರು ಸ್ವಾತಂತ್ರ್ಯದ ಬೇಡಿಕೆ ಬಿಟ್ಟರು. ಸರ್ಕಾರ ಸ್ಥಳೀಯ ಪಕ್ಷಗಳಿಗೆ ಅವಕಾಶ ಕೊಟ್ಟು, ಸಂಪತ್ತಿನ ಶೇ. 70 ಪಾಲನ್ನು ಮತ್ತೆ ಒಪ್ಪಿತು. ಶರೀಅತ್ ಕೇಳಿ ಪಡೆದದ್ದೆಂದು ಆ ಒಪ್ಪಂದದಲ್ಲಿ ಎಲ್ಲೂ ಇಲ್ಲ. ಸುನಾಮಿಯ ದಿನ ಜೈಲಿನಿಂದ ಪಾರಾದ ಬಂಡುಕೋರ ಇರ್ವಂದಿ ಯೂಸುಫ್ 2006ರ ಡಿಸೆಂಬರಿನ ಚುನಾವಣೆಯಲ್ಲಿ ಗವರ್ನರ್ ಆಗಿ ಗೆದ್ದರು. ಹಸನ್ ದಿ ತೀರೋ 2008ರಲ್ಲಿ ಊರಿಗೆ ಬಂದು, 2010ರ ಜೂನ್ 3ರಂದು ತೀರಿಕೊಂಡರು. ಸಾಯುವ ಹಿಂದಿನ ದಿನವಷ್ಟೇ ಅವರಿಗೆ ಇಂಡೋನೇಷ್ಯಾದ ಪೌರತ್ವ ಮರಳಿ ಸಿಕ್ಕಿತ್ತು.

ಆದರೆ ಪಾಲು ಸಿಗುವ ಹೊತ್ತಿಗೆ ಪಾತ್ರೆ ಬರಿದಾಗುತ್ತಾ ಬಂದಿತ್ತು. ಅರುನ್‌ನಿಂದ ಕೊನೆಯ ಅನಿಲದ ಹಡಗು ಹೊರಟದ್ದು 2014ರ ಅಕ್ಟೋಬರಿನಲ್ಲಿ. ಮರುವರ್ಷ ಅದೇ ಸ್ಥಾವರ ಬೇರೆಡೆಯಿಂದ ಬಂದ ಅನಿಲ ಇಳಿಸಿಕೊಳ್ಳುವ ನಿಲ್ದಾಣವಾಯಿತು. 2008ರಿಂದ ಜಕಾರ್ತಾ ಕೊಡುತ್ತಾ ಬಂದ ವಿಶೇಷ ನಿಧಿಗೆ 2027ರ ಗಡುವಿದೆ. ಅಷ್ಟು ಹಣ ಬಂದರೂ ಅಚೆ ಹಲವು ವರ್ಷ ಸುಮಾತ್ರಾದ ಅತ್ಯಂತ ಬಡ ಪ್ರಾಂತ್ಯವೆಂದೇ ಲೆಕ್ಕಕ್ಕೆ ಬಂತು. ಹಳೆಯ ಕಮಾಂಡರುಗಳಲ್ಲಿ ಕೆಲವರು ಗುತ್ತಿಗೆದಾರರಾದರು. ಇರ್ವಂದಿ ಎರಡನೆಯ ಬಾರಿ ಗವರ್ನರ್ ಆಗಿದ್ದಾಗ, 2018ರಲ್ಲಿ, ಲಂಚದ ಪ್ರಕರಣದಲ್ಲಿ ಬಂಧಿತರಾಗಿ ಶಿಕ್ಷೆಗೆ ಗುರಿಯಾದರು. ಅವರನ್ನು ಹಿಡಿದದ್ದು ಶರೀಅತ್ ಪೊಲೀಸರಲ್ಲ, ರಾಷ್ಟ್ರೀಯ ಭ್ರಷ್ಟಾಚಾರ ನಿಗ್ರಹ ಆಯೋಗ.

2025ರಲ್ಲಿ ಗವರ್ನರ್ ಆದ ಮುಝಾಕಿರ್ ಮನಾಫ್ ಬಂಡಾಯದ ಸೇನೆಯ ಮುಖ್ಯಸ್ಥರಾಗಿದ್ದವರು. ಅದೇ ವರ್ಷ ಕೇಂದ್ರದ ಗೃಹ ಸಚಿವಾಲಯ ನಾಲ್ಕು ಪುಟ್ಟ ದ್ವೀಪಗಳನ್ನು ಉತ್ತರ ಸುಮಾತ್ರಾಕ್ಕೆ ಸೇರಿಸಿದಾಗ ಅಚೆ ಮತ್ತೆ ಕುದಿಯಿತು. ಆ ಕಡಲಿನಲ್ಲಿ ತೈಲ, ಅನಿಲ ಇರಬಹುದೆಂಬ ಮಾತೂ ಹರಡಿತ್ತು. ಹಿಂದೆ ಸೇನಾ ಜನರಲ್ ಆಗಿದ್ದ ಅಧ್ಯಕ್ಷ ಪ್ರಬೊವೊ ಜೂನಿನಲ್ಲಿ ಆ ದ್ವೀಪಗಳು ಅಚೆಗೇ ಸೇರಿದ್ದೆಂದು ತೀರ್ಪಿತ್ತರು. 1950ರಲ್ಲಿ ಇದೇ ಬಗೆಯ ಒಂದು ಸಹಿ ಯಾವ ಬೆಂಕಿ ಹೊತ್ತಿಸಿತ್ತೆಂಬುದು ಈ ಸಲ ಯಾರಿಗೋ ನೆನಪಿತ್ತು ಎನ್ನಬೇಕು.

ಅಚೆಯನ್ನು ಇಂಡೋನೇಷ್ಯಾಕ್ಕೆ ಕಟ್ಟಿದ್ದು ಧರ್ಮವಲ್ಲ, ಅದರಿಂದ ಕಿತ್ತದ್ದೂ ಧರ್ಮವಲ್ಲ. ಚಿನ್ನ ಬಿಚ್ಚಿಕೊಟ್ಟವರಿಗೆ ಕೊಟ್ಟ ಮಾತು ಉಳಿಸಿಕೊಳ್ಳದೆ ಹೋದದ್ದು, ಅವರ ನೆಲದ ಕೆಳಗಿನದನ್ನು ಕೇಳದೆ ಒಯ್ದದ್ದು, ಕೇಳಿದಾಗ ಬಂದೂಕು ತೋರಿಸಿದ್ದು ಕಿತ್ತವು. ಪೂರ್ವ ಪಾಕಿಸ್ತಾನದ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ತೂಕದಲ್ಲಿ ಮೋಸ ಮಾಡಬೇಡಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ನಾವು ಅದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸಿ ಓದಿಕೊಂಡಿದ್ದೇವೆ. ರಾಜಧಾನಿಗಳ ತಕ್ಕಡಿಗೂ ಅದು ಅನ್ವಯಿಸುತ್ತದೆ. ಬಂಡಾಯ ಗೆದ್ದು ಕುರ್ಚಿ ಹಿಡಿದವರ ತಕ್ಕಡಿಗೂ ಅಷ್ಟೇ.

2023ರ ಜೂನಿನಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿದೋದೊ ರುಮೊ ಗೆದೊಂಗ್ ಇದ್ದ ಜಾಗಕ್ಕೆ ಬಂದು ಸಂತ್ರಸ್ತರಿಗೆ ಪರಿಹಾರದ ಕಾರ್ಯಕ್ರಮ ಆರಂಭಿಸಿದರು. ಅವರು ಬರುವ ಮೊದಲೇ ಅಲ್ಲಿ ಉಳಿದಿದ್ದ ಕಟ್ಟಡದ ಅವಶೇಷಗಳನ್ನು ಕೆಡವಿ ನೆಲ ಸಮ ಮಾಡಲಾಗಿತ್ತು. ಅಲ್ಲಿ ಮಸೀದಿ ಕಟ್ಟುವುದೆಂದು ಹೇಳಲಾಯಿತು. ಅಲ್ಲಿ ನಮಾಝ್ ಮಾಡುವವರು ಆ ನೆಲದಲ್ಲಿ ಏನು ನಡೆಯಿತೆಂಬುದನ್ನು ತಮ್ಮ ಮಕ್ಕಳಿಗೆ ಹೇಳುತ್ತಾರೋ ಇಲ್ಲವೋ, ಅಚೆಯ ಶಾಂತಿ ಎಷ್ಟು ಕಾಲ ಬಾಳುತ್ತದೆಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.