ಕರುಳಿನ ಕ್ಯಾನ್ಸರ್: ವಂಶವಾಹಿಗಳ ಪಾತ್ರವೆಷ್ಟು?

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರೆದುರು 1895ರಲ್ಲಿ ಹೊಲಿಗೆ ಕೆಲಸದ ಮಹಿಳೆಯೊಬ್ಬರು ತಮ್ಮ ಆತಂಕವನ್ನು ತೋಡಿಕೊಂಡರು. ತಮ್ಮ ಮನೆತನದಲ್ಲಿ ಅನೇಕರು ಕರುಳು, ಜಠರ ಇಲ್ಲವೇ ಗರ್ಭಕೋಶದ ಕ್ಯಾನ್ಸರಿಗೆ ಬಲಿಯಾಗಿದ್ದಾರೆ, ತಮಗೂ ಅದೇ ಗತಿ ಎಂಬುದು ಅವರ ಅಳಲು. ಆಗ ಆರೋಗ್ಯವಾಗಿದ್ದ ಆಕೆ ಮುಂದೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ವಾರ್ತಿನ್ ಆ ಮನೆತನದ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರೂ ವೈದ್ಯಲೋಕ ಬಹುಕಾಲ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 1960ರ ದಶಕದಲ್ಲಿ ಡಾ. ಹೆನ್ರಿ ಲಿಂಚ್ ಇಂತಹ ಕುಟುಂಬಗಳ ಅಧ್ಯಯನವನ್ನು ಮುಂದುವರಿಸಿದರು. ಇಂದು ಈ ಸ್ಥಿತಿಗೆ ಅವರದೇ ಹೆಸರು: ಲಿಂಚ್ ಸಿಂಡ್ರೋಮ್.

ದೊಡ್ಡ ಕರುಳು ಮತ್ತು ಗುದನಾಳದ ಎಲ್ಲ ಕ್ಯಾನ್ಸರುಗಳೂ ಜೀವಕೋಶದ ವಂಶವಾಹಿಗಳು ಕೆಡುವುದರಿಂದಲೇ ಹುಟ್ಟುತ್ತವೆ. ಆದರೆ ಎಲ್ಲವೂ ಆನುವಂಶಿಕವಲ್ಲ. ಈ ಎರಡು ಮಾತುಗಳನ್ನು ಬೆರೆಸಿಕೊಂಡು ಗಾಬರಿಯಾಗುವವರೇ ಹೆಚ್ಚು. ಬಹುತೇಕ ರೋಗಿಗಳಲ್ಲಿ ದೋಷ ಕಾಣಿಸಿಕೊಳ್ಳುವುದು ಹುಟ್ಟಿನಿಂದಲ್ಲ, ವಯಸ್ಸಾದಂತೆ, ಕರುಳಿನ ಒಳಪದರದ ಕೋಶಗಳಲ್ಲಿ. ಸಾಮಾನ್ಯವಾಗಿ ಮೊದಲು ಕೆಡುವುದು ಎಪಿಸಿ ಎಂಬ ವಂಶವಾಹಿ; ಅಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಮೂಡುತ್ತದೆ. ಬಳಿಕ ಕೆಆರ್‌ಎಎಸ್, ಟಿಪಿ53 ಮುಂತಾದವೂ ಕೆಟ್ಟು ಗಂಟು ಕ್ಯಾನ್ಸರಾಗುತ್ತದೆ. ಹೀಗೆ ಹಂತ ಹಂತವಾಗಿ ಬೆಳೆಯುವ ಈ ಮಾದರಿಯನ್ನು ಎರಿಕ್ ಫಿಯರನ್ ಮತ್ತು ಬರ್ಟ್ ವೋಗಲ್‌ಸ್ಟೈನ್ 1990ರಲ್ಲಿ ಮಂಡಿಸಿದರು. ಗಂಟು ಕ್ಯಾನ್ಸರಾಗಲು ಹಲವು ವರ್ಷಗಳೇ ಬೇಕಾಗುವುದರಿಂದ ಕೊಲೊನೊಸ್ಕೋಪಿಯಲ್ಲಿ ಅದನ್ನು ಮೊದಲೇ ಕಂಡು ತೆಗೆದುಹಾಕಲು ಸಾಧ್ಯ.

ಎಪಿಸಿ ದೋಷವನ್ನು ಹುಟ್ಟಿನಿಂದಲೇ ಪಡೆದವರ ಕಥೆ ಬೇರೆ. ಅವರ ಕರುಳಿನಲ್ಲಿ ಹದಿಹರೆಯದಲ್ಲೇ ನೂರಾರು ಪಾಲಿಪ್‌ಗಳು ಏಳುತ್ತವೆ. ದೊಡ್ಡ ಕರುಳನ್ನು ತೆಗೆಯದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಅದೃಷ್ಟವಶಾತ್ ಇದು ವಿರಳ, ಒಟ್ಟು ಪ್ರಕರಣಗಳಲ್ಲಿ ಶೇ 1ಕ್ಕಿಂತ ಕಡಿಮೆ.

ಲಿಂಚ್ ಸಿಂಡ್ರೋಮ್ ಅದಕ್ಕಿಂತ ಸಾಮಾನ್ಯ, ಸುಮಾರು ಶೇ 3. ಇಲ್ಲಿ ಕೆಟ್ಟಿರುವುದು ಡಿಎನ್‌ಎಯ ಕರಡು ತಿದ್ದುವ ವ್ಯವಸ್ಥೆ. ಕೋಶ ವಿಭಜನೆಯಾಗುವಾಗ ಡಿಎನ್‌ಎಯ ನಕಲಿನಲ್ಲಿ ಆಗುವ ತಪ್ಪುಗಳನ್ನು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ವಂಶವಾಹಿಗಳು ಸರಿಪಡಿಸುತ್ತವೆ. ಇವುಗಳಲ್ಲೊಂದರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದು, ಮುಂದೆ ಯಾವುದೋ ಕೋಶದಲ್ಲಿ ಎರಡನೆಯದೂ ಕೆಟ್ಟರೆ ತಪ್ಪುಗಳು ರಾಶಿಯಾಗುತ್ತವೆ. ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ದೋಷ ಬಂದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟವರಲ್ಲಿ ಅಪಾಯ ಹೆಚ್ಚು, ಪಿಎಂಎಸ್2 ಕೆಟ್ಟವರಲ್ಲಿ ಸಾಕಷ್ಟು ಕಡಿಮೆ.

ಕರ್ನಾಟಕದ ಮಟ್ಟಿಗೆ ಇಲ್ಲೊಂದು ಅಂಶ ಗಮನಾರ್ಹ. ತಂದೆ ತಾಯಿ ಇಬ್ಬರಿಂದಲೂ ಒಂದೇ ತಿದ್ದುಪಡಿ ವಂಶವಾಹಿಯ ಕೆಟ್ಟ ಪ್ರತಿ ಬಂದ ಮಗುವಿಗೆ ಎಳೆಯ ವಯಸ್ಸಿನಲ್ಲೇ ಮಿದುಳು, ರಕ್ತ ಅಥವಾ ಕರುಳಿನ ಕ್ಯಾನ್ಸರ್ ಬರಬಹುದು. ಸೋದರಮಾವನೊಂದಿಗೆ ಇಲ್ಲವೇ ಅತ್ತೆ-ಮಾವಂದಿರ ಮಕ್ಕಳೊಂದಿಗೆ ಮದುವೆಯಾಗುವ ರೂಢಿಯಿರುವಲ್ಲಿ ಇದರ ಸಂಭವ ಹೆಚ್ಚು.

ಉಳಿದ ಬಹುಪಾಲು ಜನರಲ್ಲಿ ವಂಶವಾಹಿಗಳ ಪ್ರಭಾವ ಸೂಕ್ಷ್ಮವಾದದ್ದು. ಎಂಟನೇ ವರ್ಣತಂತುವಿನ ಒಂದು ಸಣ್ಣ ವ್ಯತ್ಯಾಸ ಅಪಾಯವನ್ನು ತುಸು ಏರಿಸುತ್ತದೆಂದು 2007ರಲ್ಲಿ ತಿಳಿದುಬಂತು. ಆ ಬಳಿಕ ಇಂತಹ ಸುಮಾರು ಇನ್ನೂರು ತಾಣಗಳು ಪತ್ತೆಯಾಗಿವೆ. ಒಂದೊಂದರ ಪ್ರಭಾವ ಅತ್ಯಲ್ಪ. ಧೂಮಪಾನ, ಮದ್ಯ, ಬೊಜ್ಜು, ಕೆಂಪು ಮಾಂಸದ ಅತಿಸೇವನೆಗಳೂ ಇದರೊಂದಿಗೆ ಕೂಡಿಕೊಳ್ಳುತ್ತವೆ.

ದೋಷ ಪತ್ತೆಯಾದರೆ ಮಾಡಬಹುದಾದದ್ದು ಬಹಳಷ್ಟಿದೆ. ಲಿಂಚ್ ಸಿಂಡ್ರೋಮ್ ಇರುವವರಿಗೆ, ವಿಶೇಷವಾಗಿ ಎಂಎಲ್‌ಎಚ್1, ಎಂಎಸ್‌ಎಚ್2 ದೋಷವುಳ್ಳವರಿಗೆ, 20-25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಲು ತಜ್ಞರು ಸಲಹೆ ನೀಡುತ್ತಾರೆ. ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಸೇವಿಸಿದವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆಯಾದುದನ್ನು 861 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2011ರಲ್ಲಿ ತೋರಿಸಿತು. ರಕ್ತಸ್ರಾವದ ಅಪಾಯವಿರುವುದರಿಂದ ಇದನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸುವಂತಿಲ್ಲ. ತಿದ್ದುಪಡಿ ವ್ಯವಸ್ಥೆ ಕೆಟ್ಟ ಗಡ್ಡೆಗಳ ಮೇಲೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಗಳು ಚೆನ್ನಾಗಿ ಕೆಲಸ ಮಾಡುತ್ತವೆ; ಅವುಗಳಲ್ಲೊಂದಾದ ಪೆಂಬ್ರೊಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು.

ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ 50 ವರ್ಷಕ್ಕೆ ಮೊದಲೇ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ವಂಶವಾಹಿ ಪರೀಕ್ಷೆಯನ್ನು ಸಾಧ್ಯವಾದಷ್ಟೂ ರೋಗ ಬಂದ ಸದಸ್ಯರಿಂದಲೇ ಆರಂಭಿಸಲಾಗುತ್ತದೆ. ಅವರಲ್ಲಿ ದೋಷ ಯಾವುದೆಂದು ಗೊತ್ತಾದರೆ ಉಳಿದವರಿಗೆ ಅದೊಂದನ್ನೇ ಹುಡುಕಿದರೆ ಸಾಕು.